ಹೊಸ ಕಾರ್ಡಿಗೆ ಕರೆಂಟಿನ ದಾರಿ, ಗಾಳಿಯ ದಾರಿ

ಗ್ರಾಫಿಕ್ಸ್ ಕಾರ್ಡ್ ಮನೆಗೆ ಬಂದದ್ದು ಬುಧವಾರ. ಅದನ್ನು ಕಂಪ್ಯೂಟರಿಗೆ ಹಾಕಿದ್ದು ಭಾನುವಾರ. ಮಧ್ಯದ ಮೂರು ದಿನ ಡಬ್ಬ ಮೇಜಿನ ಮೇಲೆ ಹಾಗೆಯೇ ಕೂತಿತ್ತು. ಕಾರ್ಡಿನಲ್ಲಿ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಕ್ಯಾಬಿನೆಟ್ಟಿನ ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯಲ್ಲಿ. ಎಲ್ಲರೂ ಎಸ್‌ಎಂಪಿಎಸ್ ಅನ್ನುತ್ತಾರಲ್ಲ, ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವುದು, ಅದೇ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಣ್ಣನ ಮಗನಿಗೆ ಯಕ್ಷಗಾನದ ಹುಚ್ಚು. ಸುತ್ತಮುತ್ತ ಎಲ್ಲಿ ಆಟವಾದರೂ, ತಾಳಮದ್ದಳೆಯಾದರೂ ಕ್ಯಾಮೆರಾ ಹಿಡಿದು ಹೋಗುತ್ತಾನೆ. ಬಂದ ಮೇಲೆ ಎಡಿಟಿಂಗ್. ರಂಗಸ್ಥಳದ ಬೆಳಕು ಒಮ್ಮೆ ಹಳದಿ, ಒಮ್ಮೆ ನೀಲಿ. ಬಣ್ಣದ ವೇಷದ ಮುಖ ಇದ್ದ ಹಾಗೆ ಕಾಣಬೇಕಾದರೆ ಇಡೀ ವಿಡಿಯೋದ ಬಣ್ಣ ತಿದ್ದಬೇಕು. ಕಂಪ್ಯೂಟರಿನಲ್ಲಿ ಇದ್ದದ್ದು ಜಿಟಿ 710 ಎಂಬ ಚಿಕ್ಕ ಕಾರ್ಡ್. ರಾತ್ರಿ ಕೆಲಸಕ್ಕೆ ಹಚ್ಚಿ ಮಲಗಿದರೆ ಬೆಳಗ್ಗೆ ಕಾಫಿ ಹೊತ್ತಿಗೂ ಮುಗಿದಿರುತ್ತಿರಲಿಲ್ಲ. ಅದಕ್ಕೇ ಆರ್‌ಟಿಎಕ್ಸ್ 3060 ತರಿಸಿದ್ದು, 12 ಜಿಬಿ ಮೆಮೊರಿಯದ್ದು. ನಾವಿಬ್ಬರೂ ಅದುವರೆಗೆ ಒಂದು ಕಾರ್ಡನ್ನೂ ಕೈಯಲ್ಲಿ ಮುಟ್ಟಿದವರಲ್ಲ.

ಇಷ್ಟು ಸಣ್ಣ ಕೆಲಸಕ್ಕೆ ಬೇರೆಯೇ ಒಂದು ಕಾರ್ಡ್ ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಟ್ಟು 20,73,600. ಸೆಕೆಂಡಿಗೆ 60 ಚಿತ್ರ ಅಂದರೆ 12 ಕೋಟಿ 44 ಲಕ್ಷ ಚುಕ್ಕಿ. ಪ್ರತಿ ಚುಕ್ಕಿಗೂ ಹಳದಿ ಇಷ್ಟು ಇಳಿಸು, ನೀಲಿ ಇಷ್ಟು ಏರಿಸು ಎಂಬ ಒಂದೇ ಲೆಕ್ಕ. ಲೆಕ್ಕ ಸುಲಭ, ಆದರೆ ರಾಶಿ ದೊಡ್ಡದು.

ಅಂಗಳದಲ್ಲಿ ಚಾಲಿ ಅಡಿಕೆ ಸುಲಿಯುವುದನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಸುಲಿಯುವವರು ಹತ್ತು ಜನ ಕೂತರೆ ಹತ್ತು ಪಟ್ಟು ಕೆಲಸ. ಒಬ್ಬರು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ, ಅವರವರ ಮುಂದಿನ ರಾಶಿ ಅವರವರಿಗೆ. ಸುಲಿದಾದ ಮೇಲೆ ಪಟೋರ, ಕರಿಗೋಟು ಎಂದು ಅಡಿಕೆಯ ದರ್ಜೆ ಬೇರೆ ಮಾಡುವುದಕ್ಕೆ ಮಾತ್ರ ಕಣ್ಣು ಪಳಗಿದ ಒಬ್ಬರು ಬೇಕು. ಅವರು ಒಂದೊಂದನ್ನು ನೋಡಿ ತೀರ್ಮಾನ ಮಾಡುತ್ತಾರೆ. ಕಂಪ್ಯೂಟರಿನ ಮುಖ್ಯ ಚಿಪ್, ಅಂದರೆ ಸಿಪಿಯು, ಕಣ್ಣು ಪಳಗಿದ ಆ ಒಬ್ಬರ ಹಾಗೆ. ಗ್ರಾಫಿಕ್ಸ್ ಚಿಪ್ ಅಂಗಳದ ತುಂಬ ಕೂತ ಸುಲಿಯುವವರ ಹಾಗೆ. ಹಳೆಯ ಜಿಟಿ 710ರಲ್ಲಿ ಲೆಕ್ಕ ಮಾಡುವ ಘಟಕಗಳು 192. ಹೊಸದರಲ್ಲಿ 3584.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎನ್‌ವಿಡಿಯಾ ಕಂಪನಿಯ (ನಮ್ಮ ಎರಡೂ ಕಾರ್ಡಿನ ಚಿಪ್ ಅವರದ್ದೇ) ಚಿಪ್ಪುಗಳಲ್ಲಿ ಕೆಲಸಗಳು 32ರ ಗುಂಪಾಗಿ ಹೋಗುತ್ತವೆ. ಗುಂಪಿಗೆಲ್ಲ ಒಂದೇ ಆಜ್ಞೆ. ಗುಂಪಿನಲ್ಲಿ ಕೆಲವಕ್ಕೆ ಬೇರೆ ದಾರಿ ಹಿಡಿಯಬೇಕಾಗಿ ಬಂದರೆ ಉಳಿದವು ಆ ಹೊತ್ತು ಸುಮ್ನೆ ಕಾಯುತ್ತವೆ. ಹಾಗಾಗಿ ಹೊಸ ಕಾರ್ಡ್ ಹಾಕಿದ ಕೂಡಲೇ ಎಲ್ಲವೂ ವೇಗವಾಗುವುದಿಲ್ಲ. ಫೈಲ್ ಕಾಪಿ ಮಾಡುವುದು, ಬ್ರೌಸರ್ ತೆರೆಯುವುದು ಮೊದಲಿನ ಹಾಗೇ ಇರುತ್ತದೆ. ಒಂದೇ ಲೆಕ್ಕವನ್ನು ದೊಡ್ಡ ರಾಶಿಯ ಮೇಲೆ ಮಾಡುವ ಕೆಲಸಗಳು ಮಾತ್ರ ಹಾರುತ್ತವೆ.

ಈ ಗುಣವೇ ಕಂಪ್ಯೂಟರ್ ಗೇಮಿನ ಕಾರ್ಡನ್ನು ವಿಜ್ಞಾನದ ಕಡೆ ತಂದದ್ದು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಝೆವ್‌ಸ್ಕಿ, ಇಲ್ಯಾ ಸುಟ್ಸ್‌ಕೇವರ್, ಜೆಫ್ರಿ ಹಿಂಟನ್ ಚಿತ್ರ ಗುರುತಿಸುವ ನ್ಯೂರಲ್ ಜಾಲವೊಂದಕ್ಕೆ, ಅಂದರೆ ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಮಿಗೆ, ಕಲಿಸಿದರು. ಬಳಸಿದ್ದು ಅಂಗಡಿಯಲ್ಲಿ ಸಿಗುತ್ತಿದ್ದ ಎರಡು ಜಿಟಿಎಕ್ಸ್ 580 ಕಾರ್ಡ್, ತಲಾ 3 ಜಿಬಿ. ಐದಾರು ದಿನದಲ್ಲಿ ಕಲಿಕೆ ಮುಗಿಯಿತು. ಇವತ್ತಿನ ಎಐ ಅಲೆಗೆ ದೊಡ್ಡ ನೂಕು ಸಿಕ್ಕಿದ್ದು ಅಲ್ಲಿಂದ. ಮೆಮೊರಿಯ ಲೆಕ್ಕದಲ್ಲಿ ನೋಡಿದರೆ ಅವರ ಎರಡು ಕಾರ್ಡ್ ಸೇರಿಸಿದ್ದಕ್ಕಿಂತ ಎರಡು ಪಟ್ಟು ನಮ್ಮ ಮೇಜಿನ ಮೇಲೆ ಡಬ್ಬದಲ್ಲಿತ್ತು. ನನಗೆ ಇದು ತುಂಬ ಖುಷಿ ಕೊಟ್ಟ ವಿಷಯ.

ಈಗ ಆ ತಗಡಿನ ಪೆಟ್ಟಿಗೆಗೆ ಬರೋಣ.

ಮದರ್‌ಬೋರ್ಡಿನ (ಎಲ್ಲ ಭಾಗ ಕೂರುವ ಮುಖ್ಯ ಹಲಗೆ) ಉದ್ದನೆಯ ಸ್ಲಾಟಿನಿಂದ, ಅಂದರೆ ಕಾರ್ಡ್ ಸಿಕ್ಕಿಸುವ ಸೀಳಿನಿಂದ, ಕಾರ್ಡಿಗೆ ಸಿಗುವ ಕರೆಂಟಿಗೆ ಮಿತಿ ಇದೆ, 75 ವ್ಯಾಟ್. ಹಳೆಯ ಕಾರ್ಡಿಗೆ 19 ವ್ಯಾಟ್ ಸಾಕಿತ್ತು. ಅದಕ್ಕೇ ಅದಕ್ಕೆ ಬೇರೆ ವಯರೇ ಇರಲಿಲ್ಲ. ಹೊಸದು 170 ವ್ಯಾಟಿನದ್ದು. ಹೆಚ್ಚಿನದ್ದು ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಎಂಟು ಪಿನ್ನಿನ ವಯರಿನಿಂದ ಬರಬೇಕು. ಆ ವಯರಿನ ಮಿತಿ 150 ವ್ಯಾಟ್.

170 ವ್ಯಾಟ್ ಏನು ಮಹಾ, ಮಿಕ್ಸಿಗೆ ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಬಹುದು. ಆದರೆ ಮಿಕ್ಸಿ ಓಡುವುದು 230 ವೋಲ್ಟಿನಲ್ಲಿ, ಕಾರ್ಡಿಗೆ ಹೋಗುವುದು 12 ವೋಲ್ಟ್. ವೋಲ್ಟ್ ಕಡಿಮೆಯಾದಷ್ಟೂ ಆಂಪಿಯರ್ ಏರಬೇಕು. 170ನ್ನು 12ರಿಂದ ಭಾಗಿಸಿ ನೋಡಿ, 14 ಆಂಪಿಯರ್ ದಾಟುತ್ತದೆ. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಎಳೆಯುವುದು ನಾಲ್ಕೂ ಚಿಲ್ಲರೆ ಆಂಪಿಯರ್ ಮಾತ್ರ! ವಯರು ಬಿಸಿಯಾಗುವುದು ಆಂಪಿಯರಿನ ವರ್ಗಕ್ಕೆ ತಕ್ಕ ಹಾಗೆ. ಆಂಪಿಯರ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಪಿನ್ನು ಅರ್ಧ ಕೂತಿದ್ದರೆ ಆ ಸಡಿಲು ಜಾಗವೇ ಕಾದು ಪ್ಲಾಸ್ಟಿಕ್ ಕರಗುವುದು ಇದೇ ಕಾರಣಕ್ಕೆ.

ನಮ್ಮ ಹಳೆಯ ಎಸ್‌ಎಂಪಿಎಸ್ ಮೇಲೆ ದೊಡ್ಡ ಅಂಕಿಯಲ್ಲಿ 450 ವ್ಯಾಟ್ ಎಂದು ಬರೆದಿತ್ತು. ಅಷ್ಟನ್ನೇ ನೋಡಿ ಧೈರ್ಯ ಮಾಡಿದ್ದೆವು. ಬುಧವಾರ ಸಂಜೆ ಟಾರ್ಚ್ ಹಿಡಿದು ಪಕ್ಕದ ಚೀಟಿಯ ಸಣ್ಣ ಅಕ್ಷರ ಓದಿದಾಗ ವಿಷಯ ಗೊತ್ತಾಯಿತು. 12 ವೋಲ್ಟ್ ಸಾಲಿನ ಎದುರು 16 ಆಂಪಿಯರ್. ಗುಣಿಸಿದರೆ 192 ವ್ಯಾಟ್. ಕಾರ್ಡಿಗೆ 170, ಸಿಪಿಯುಗೆ 65, ಅಲ್ಲಿಗೇ 235 ಆಯಿತು. ಉಳಿದ ವ್ಯಾಟೆಲ್ಲ 3.3 ಮತ್ತು 5 ವೋಲ್ಟಿನ ಸಾಲುಗಳಿಗೆ ಹಂಚಿ ಹೋಗಿತ್ತು. ಇಂದಿನ ಕಂಪ್ಯೂಟರಿನ ದೊಡ್ಡ ಹಸಿವೆಲ್ಲ 12 ವೋಲ್ಟಿನದ್ದು. ಹೊರಗೆ ಬರೆದ ಸಂಖ್ಯೆಯನ್ನು ನಂಬಿ ಹಾಗೇ ಹಾಕಿದ್ದರೆ ಡೆಸ್ಕ್‌ಟಾಪ್ ತೆರೆಯುತ್ತಿತ್ತು, ವಿಡಿಯೋ ಶುರು ಮಾಡಿದ ಕೂಡಲೇ ಪಕ್ಕನೆ ಆಫ್ ಆಗುತ್ತಿತ್ತು. ಇಂಥ ಚೀಟಿಯನ್ನು ಕೊಳ್ಳುವವನಿಗೆ ಯಾರೂ ಓದಿ ಹೇಳುವುದಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಈ ಕಾರ್ಡಿಗೆ ತಯಾರಕರು ಹೇಳುವುದು 550 ವ್ಯಾಟಿನ ಎಸ್‌ಎಂಪಿಎಸ್. ಶನಿವಾರ ತಂದದ್ದರ ಚೀಟಿಯಲ್ಲಿ 12 ವೋಲ್ಟಿಗೆ 45 ಆಂಪಿಯರ್ ಇದೆಯಾ ಎಂದು ಅಂಗಡಿಯಲ್ಲೇ ಓದಿಕೊಂಡೆವು. 540 ವ್ಯಾಟ್. ಆಗ ಸಮಾಧಾನವಾಯಿತು.

ಎಸ್‌ಎಂಪಿಎಸ್‌ಗೆ ಸ್ಕ್ರೂಡ್ರೈವರ್ ಹಾಕಿ ಬಿಚ್ಚಬೇಡಿ. 230 ವೋಲ್ಟ್ ಎಂಬುದು ಸರಾಸರಿಯ ಲೆಕ್ಕ, ಅದರ ತುದಿ ಸುಮಾರು 325 ವೋಲ್ಟ್. ಒಳಗಿನ ಕೆಪಾಸಿಟರ್ ಅಷ್ಟನ್ನು ತುಂಬಿಕೊಂಡಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ.

ಭಾನುವಾರ ಬೆಳಗ್ಗೆ ಪ್ಲಗ್ ತೆಗೆದು, ಪವರ್ ಬಟನ್ ಒಂದೆರಡು ಸಲ ಒತ್ತಿ, ಕ್ಯಾಬಿನೆಟ್ಟನ್ನು ಜಗಲಿಗೆ ತಂದೆವು. ಪಕ್ಕದ ತಗಡು ತೆಗೆದಾಗ ಒಳಗೆಲ್ಲ ಕೆಂಪು ಧೂಳು, ನಮ್ಮ ಮುರಕಲ್ಲಿನ ನೆಲದ್ದೇ. ಹಳೆಯ ಕಾರ್ಡಿನ ಕೆಳಗೆ ಹಲ್ಲಿಯ ಮೊಟ್ಟೆಯ ಸಿಪ್ಪೆ ಎರಡು. ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಗುಡಿಸಿದೆವು. ಕಾರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡನ್ನು ಕೈಯಲ್ಲಿ ಮುಟ್ಟಿದೆವು. ಮೈಯಲ್ಲಿ ಸೇರಿಕೊಂಡ ಸ್ಥಿರ ವಿದ್ಯುತ್ತು ನಮಗೆ ಚುರುಕ್ ಅನ್ನಿಸಬೇಕಾದರೆ ಸಾವಿರಗಟ್ಟಲೆ ವೋಲ್ಟ್ ಬೇಕು, ಚಿಪ್ಪಿಗೆ ಪೆಟ್ಟಾಗಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ನಮ್ಮ ಮಳೆಗಾಲದ ಒದ್ದೆ ಗಾಳಿಯಲ್ಲಿ ಈ ವಿದ್ಯುತ್ತು ತಾನಾಗಿಯೇ ಸೋರಿ ಹೋಗುತ್ತದೆ. ಜನವರಿಯ ಒಣ ಬೆಳಗ್ಗೆ ಹೆಚ್ಚು ಜೋಪಾನ ಬೇಕು.

ಸ್ಕ್ರೂ ಬಿಚ್ಚಿದೆವು. "ಅಪ್ಪಚ್ಚಿ, ಇದು ಬತ್ತಿಲ್ಲೆ" ಅಂದ ಹುಡುಗ. ಎಳೆಯಬೇಡ ಅಂದೆ. ಸ್ಲಾಟಿನ ತುದಿಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಕೊಕ್ಕೆಯೊಂದು ಕಾರ್ಡನ್ನು ಹಿಡಿದುಕೊಂಡಿತ್ತು. ಅದನ್ನು ಒತ್ತಿದ ಮೇಲೆ ಕಾರ್ಡ್ ಸಲೀಸಾಗಿ ಮೇಲೆ ಬಂತು. ಹೊಸ ಕಾರ್ಡಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆವು. ಬಾಚಣಿಗೆ ಹಲ್ಲಿನಂತೆ ಚಿನ್ನದ ಗೆರೆಗಳು, ಉದ್ದದ ಸ್ಲಾಟಿನಲ್ಲಿ ಒಂದು ಬದಿಗೆ 82 ಸಂಪರ್ಕ, ಎರಡೂ ಬದಿ ಸೇರಿ 164. ಚಿನ್ನ ಯಾಕೆ ಅಂದರೆ ಅದು ತುಕ್ಕು ಹಿಡಿಯುವುದಿಲ್ಲ. ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಜಾಸ್ತಿ ಮಳೆ ಬರುವ ಕಾಸರಗೋಡಿನಲ್ಲಿ ಇದು ದೊಡ್ಡ ಉಪಕಾರ. ಲೇಪ ಮಾತ್ರ ಬಹಳ ತೆಳು. ರಬ್ಬರ್ ಹಾಕಿ ಜೋರಾಗಿ ತಿಕ್ಕಿದರೆ ಅದೇ ಸವೆದು ಹೋಗುತ್ತದೆ.

ಅಂಚಿನ ಗೆರೆಗಳ ನಡುವೆ ಒಂದು ಕಚ್ಚು ಇದೆ. ಅದು ಸರಿಯಾಗಿ ಮಧ್ಯದಲ್ಲಿಲ್ಲ, ಒಂದು ಕಡೆಗಿದೆ. ಹಾಗಾಗಿ ತಿರುಗಿಸಿ ಹಾಕಲು ಆಗುವುದೇ ಇಲ್ಲ. ಎರಡೂ ತುದಿ ಸಮನಾಗಿ ಒತ್ತಿದಾಗ ಕೊಕ್ಕೆ ಟಿಕ್ ಅಂದಿತು. ಎಂಟು ಪಿನ್ನಿನ ವಯರೂ ಟಿಕ್ ಅನ್ನುವ ತನಕ ಒತ್ತಿದೆವು.

ನಮ್ಮ ಮದರ್‌ಬೋರ್ಡ್ ಹಳೆಯದು, ಅದರ ಸ್ಲಾಟ್ ಮೂರನೇ ತಲೆಮಾರಿನದ್ದು. ಕಾರ್ಡ್ ನಾಲ್ಕನೆಯದರದ್ದು. ಆದರೂ ಹೊಂದುತ್ತದೆ. ಕಾಸರಗೋಡಿನ ಪೇಟೆಯಲ್ಲಿ ಅಪರಿಚಿತರಿಬ್ಬರು ಸಿಕ್ಕಿದರೆ ಮಲಯಾಳದಲ್ಲಿ ಶುರು ಮಾಡಿ, ಎರಡು ಮಾತಿನಲ್ಲಿ ತುಳುವೋ ಕನ್ನಡವೋ ಇಬ್ಬರಿಗೂ ಸಲೀಸಾದ ಭಾಷೆಗೆ ಬರುತ್ತಾರಲ್ವಾ, ಅದೇ ರೀತಿ. ಆನ್ ಆದಾಗ ಕಾರ್ಡ್ ಮತ್ತು ಬೋರ್ಡ್ ಮೊದಲು ಎಲ್ಲರಿಗೂ ಗೊತ್ತಿರುವ ಹಳೆಯ ನಿಧಾನದ ವೇಗದಲ್ಲಿ ಮಾತಾಡುತ್ತವೆ, ಒಂದೊಂದು ದಾರಿಯಲ್ಲಿ ಸೆಕೆಂಡಿಗೆ 250 ಕೋಟಿ ಬಿಟ್. ಆಮೇಲೆ ಇಬ್ಬರಿಗೂ ಬರುವ ಅತಿ ಹೆಚ್ಚಿನ ವೇಗಕ್ಕೆ ಏರುತ್ತವೆ. ನಮ್ಮದರಲ್ಲಿ ಅದು 800 ಕೋಟಿಗೆ ನಿಂತಿತು.

ಸ್ವಿಚ್ ಹಾಕಿದಾಗ ಕಾರ್ಡಿನ ಫ್ಯಾನ್ ಒಮ್ಮೆ ತಿರುಗಿ ನಿಂತುಬಿಟ್ಟಿತು. ಹುಡುಗನ ಮುಖ ಬಾಡಿತು. ಕೆಟ್ಟದ್ದಲ್ಲ, ಈಚಿನ ಹಲವು ಕಾರ್ಡುಗಳು ತಣ್ಣಗಿರುವಾಗ ಫ್ಯಾನ್ ನಿಲ್ಲಿಸಿಕೊಳ್ಳುತ್ತವೆ. ಪರದೆಯಲ್ಲಿ ಚಿತ್ರ ಬಂತು. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಹಳೆಯದನ್ನು ತೆಗೆದು ಹೊಸದು ಹಾಕುವಷ್ಟರಲ್ಲಿ ಊಟದ ಹೊತ್ತಾಯಿತು.

ಮಧ್ಯಾಹ್ನ ಯಕ್ಷಗಾನದ ವಿಡಿಯೋ ಹಚ್ಚಿ ಪಕ್ಕದಲ್ಲೇ ಕೂತೆವು. ಕಾರ್ಡಿನ ಬಿಸಿ 80 ಡಿಗ್ರಿ ಮುಟ್ಟಿತು. ಅದು ತಡೆಯುವ ಮಿತಿಯೊಳಗೇ, ಆದರೂ ಕಾರಣ ಹುಡುಕಿದೆವು. ಕಾರ್ಡ್ ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. 170 ವ್ಯಾಟ್ ಅಂದರೆ ಹಳೆಯ ಕಾಲದ 60 ವ್ಯಾಟಿನ ಬಲ್ಬು ಸುಮಾರು ಮೂರು, ಮುಚ್ಚಿದ ತಗಡಿನ ಡಬ್ಬದೊಳಗೆ. ಫ್ಯಾನ್ ಎಷ್ಟೇ ಓಡಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಅದಕ್ಕೆ ಆಗುವುದಿಲ್ಲ. ಕೋಣೆ 24 ಡಿಗ್ರಿ ಇದ್ದದ್ದು ಏಪ್ರಿಲಿನಲ್ಲಿ 34 ಆದರೆ, ಅದೇ ಕೆಲಸ, ಅದೇ ಫ್ಯಾನ್ ವೇಗದಲ್ಲಿ ಚಿಪ್ಪು ಕೂಡ ಹತ್ತಿರ ಹತ್ತಿರ ಹತ್ತು ಡಿಗ್ರಿ ಏರುತ್ತದೆ.

ಕ್ಯಾಬಿನೆಟ್ಟಿನ ಹಿಂದೆ ಕೈ ಇಟ್ಟು ನೋಡಿದೆ. ಬಿಸಿ ಗಾಳಿ ಗೋಡೆಗೆ ಬಡಿದು ಮತ್ತೆ ಒಳಗೇ ಹೋಗುತ್ತಿತ್ತು. ಮೇಜನ್ನು ಗೋಡೆಯಿಂದ ಎರಡು ಗೇಣು ಈಚೆಗೆ ಎಳೆದೆವು. ಕಾಲು ಗಂಟೆಯಲ್ಲಿ 73ಕ್ಕೆ ಇಳಿಯಿತು. ಹಿಂದುಗಡೆ ಒಂದು ಸ್ಲಾಟಿನ ಕಿಂಡಿ ತೆರೆದೇ ಇತ್ತು, ಹಲ್ಲಿ ಬಂದದ್ದು ಅಲ್ಲಿಂದಲೇ ಇರಬೇಕು. ಸೊಳ್ಳೆ ಪರದೆಯ ತುಂಡು ಕಟ್ಟೋಣವಾ ಅಂದ ಹುಡುಗ. ಅದರಲ್ಲಿ ಧೂಳು ಕಟ್ಟಿ ಗಾಳಿ ನಿಲ್ಲುತ್ತದೆ ಎಂದು ಬೇಡ ಅಂದೆ. ಹಳೆಯ ಡಬ್ಬದಲ್ಲಿ ಹುಡುಕಿದಾಗ ಆ ಕಿಂಡಿಯದ್ದೇ ತಗಡಿನ ಪಟ್ಟಿ ಸಿಕ್ಕಿತು. ಸ್ಕ್ರೂ ಹಾಕಿ ಮುಚ್ಚುವಷ್ಟರಲ್ಲಿ ವಿಡಿಯೋ ಮುಗಿದಿತ್ತು. ಹೊರಗೆ ಇನ್ನೂ ಬಿಸಿಲಿತ್ತು.