ಗಾಜಿಯ ಕಾಂಡ್ಲಾ: ಕಾರ್ಬನ್ ದುಡ್ಡಿಗಿಂತ ಹಳೆಯ ಕಥೆ

2013ರಲ್ಲಿ ಕೆನ್ಯಾದ ದಕ್ಷಿಣ ಕರಾವಳಿಯ ಎರಡು ಊರುಗಳು ಹೊಸದೊಂದು ವ್ಯಾಪಾರಕ್ಕೆ ಇಳಿದವು. ಒಂದು ಗಾಜಿ, ಇನ್ನೊಂದು ಮಾಕೊಂಗೇನಿ. ಎರಡೂ ಮೊಂಬಾಸಾದಿಂದ ಸುಮಾರು 50 ಕಿಲೋಮೀಟರ್ ದಕ್ಷಿಣಕ್ಕೆ, ಒಂದೇ ಕೊಲ್ಲಿಯ ದಡದಲ್ಲಿವೆ. ಅಲ್ಲಿನ 117 ಹೆಕ್ಟೇರ್ ಕಾಂಡ್ಲಾ (ಮ್ಯಾಂಗ್ರೋವ್, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರ) ಕಾಡನ್ನು ಕಾಯುವುದು, ಖಾಲಿ ಜಾಗದಲ್ಲಿ ಗಿಡ ನೆಡುವುದು, ಅದರಿಂದ ಗಾಳಿಗೆ ಸೇರದೆ ಉಳಿದ ಇಂಗಾಲವನ್ನು ಲೆಕ್ಕ ಹಾಕಿ, ಹೊಗೆ ಬಿಡುವವರು ತಮ್ಮ ಹೊಗೆಗೆ ಬದಲಾಗಿ ಕೊಳ್ಳುವ ಕಾರ್ಬನ್ ಕ್ರೆಡಿಟ್ ಆಗಿ ಮಾರುವುದು. ಯೋಜನೆಯ ಹೆಸರು ‘ಮಿಕೊಕೊ ಪಮೋಜ’, ಅಂದರೆ ಕಾಂಡ್ಲಾ ಜೊತೆಗೂಡಿ. ಕಾಂಡ್ಲಾ ಉಳಿಸಿ ಕ್ರೆಡಿಟ್ ಮಾರಿದ, ಊರಿನವರೇ ನಡೆಸುವ ಜಗತ್ತಿನ ಮೊದಲ ಯೋಜನೆ ಎಂದು ಇದನ್ನು ಗುರುತಿಸುತ್ತಾರೆ.

ಈ ಕಥೆಯನ್ನು ಹೆಚ್ಚಿನವರು 2013ರಿಂದಲೇ ಶುರು ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಾರ್ಬನ್ ದುಡ್ಡು ಬಂದದ್ದು ಕೊನೆಗೆ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಅಲ್ಲಿ ನಡೆದ ಕೆಲಸ ಇದೆಯಲ್ಲ, ಯೋಜನೆ ನಿಂತಿರುವುದು ಅದರ ಮೇಲೆ.

ಇನ್ನೂ ಹಿಂದಕ್ಕೆ ಹೋಗೋಣ. ಪೂರ್ವ ಆಫ್ರಿಕಾದ ಕಾಂಡ್ಲಾ ಮರಕ್ಕೆ ಶತಮಾನಗಳ ಮಾರುಕಟ್ಟೆ ಇತ್ತು. ಕೆನ್ಯಾದ ಉತ್ತರದ ಲಾಮುವಿನಂಥ ಬಂದರುಗಳಿಂದ ಕಾಂಡ್ಲಾ ಕಂಬಗಳು ಹಾಯಿಹಡಗು ಏರಿ ಅರೇಬಿಯಾಕ್ಕೆ, ಪರ್ಷಿಯನ್ ಕೊಲ್ಲಿಗೆ ಹೋಗುತ್ತಿದ್ದವು. ಈಶಾನ್ಯದ ಗಾಳಿಗೆ ಹಡಗು ಬರುವುದು, ನೈಋತ್ಯದ ಗಾಳಿಗೆ ಕಂಬ ತುಂಬಿಕೊಂಡು ವಾಪಸ್ ಹೋಗುವುದು. ಮರುಭೂಮಿಯ ಊರುಗಳಲ್ಲಿ ಉದ್ದ ಮರ ಎಲ್ಲಿ ಸಿಗಬೇಕು? ಈ ಕಂಬಗಳಿಗೆ ‘ಬೊರಿಟಿ’ ಎನ್ನುತ್ತಾರೆ. ಗೆದ್ದಲು ಅಷ್ಟು ಸುಲಭಕ್ಕೆ ಮುಟ್ಟದ, ಗಟ್ಟಿ ಮರ. ಸ್ವಾಹಿಲಿ ಕರಾವಳಿಯ ಹಳೆಯ ಕಲ್ಲಿನ ಮನೆಗಳ ಕೋಣೆಗಳು ಇಕ್ಕಟ್ಟಾಗಿ, ಉದ್ದಕ್ಕೆ ಇರುತ್ತವೆ. ಬೊರಿಟಿ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ, ಅದಕ್ಕೇ. ಬಡವರ ಮಣ್ಣಿನ ಮನೆಗಳಿಗೂ ಇದೇ ಕಂಬ, ಮೇಲೆ ತೆಂಗಿನ ಗರಿ.

1932ರಲ್ಲಿ ಬ್ರಿಟಿಷ್ ಆಡಳಿತ ಕೆನ್ಯಾದ ಕಾಂಡ್ಲಾ ಕಾಡುಗಳನ್ನು ಸರ್ಕಾರಿ ಮೀಸಲು ಅರಣ್ಯ ಎಂದು ಘೋಷಿಸಿತು. 1982ರಲ್ಲಿ ಸ್ವತಂತ್ರ ಕೆನ್ಯಾದ ಸರ್ಕಾರ ಕಂಬಗಳ ರಫ್ತನ್ನೇ ನಿಲ್ಲಿಸಿತು. ಆದರೆ ದೇಶದೊಳಗೆ ಕಡಿಯುವುದು ನಿಲ್ಲಲಿಲ್ಲ. ಗಾಜಿಯಲ್ಲಂತೂ 1970ರ ದಶಕದಲ್ಲೇ ಸುಣ್ಣದ ಮತ್ತು ಇಟ್ಟಿಗೆಯ ಭಟ್ಟಿಗಳಿಗೆ ಸೌದೆಗಾಗಿ ಕಾಡು ಬೋಳಾಗಿತ್ತು. ಹಾಗೆ ಬೋಳಾದ ಜಾಗ ತಾನಾಗಿ ಚಿಗುರಲಿಲ್ಲ. ಬೀಜ ಕೊಡುವ ದೊಡ್ಡ ಮರಗಳೇ ಇರಲಿಲ್ಲ, ಬೇರು ಹಿಡಿದಿಟ್ಟಿದ್ದ ಮಣ್ಣು, ಮರಳು ಜಾರತೊಡಗಿತು.

ಗಾಜಿಯಲ್ಲಿ ಕೆನ್ಯಾದ ಸಾಗರ ಮತ್ತು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರವಿದೆ. ಅದರ ವಿಜ್ಞಾನಿ ಜೇಮ್ಸ್ ಕೈರೋ 1990ರ ದಶಕದ ಆರಂಭದಲ್ಲಿ ಇಲ್ಲಿ ಪ್ರಯೋಗಕ್ಕೆಂದು ಕಾಂಡ್ಲಾ ನೆಡಲು ತೊಡಗಿದರು. ಕಾಂಡ್ಲಾ ನೆಡುವುದು ಗದ್ದೆಯಲ್ಲಿ ಸಸಿ ನೆಟ್ಟಷ್ಟು ನೇರವಲ್ಲ. ಗಾಜಿಯಲ್ಲಿ ಜಾಸ್ತಿ ನೆಡುವ ಜಾತಿಯ ಬೀಜ ಮರದಲ್ಲಿರುವಾಗಲೇ ಮೊಳೆಯುತ್ತದೆ. ನುಗ್ಗೆಕಾಯಿಯ ಹಾಗೆ ಹಸಿರಾಗಿ, ಉದ್ದಕ್ಕೆ ಜೋತುಬಿದ್ದು, ಬಲಿತ ಮೇಲೆ ಉದುರುತ್ತದೆ. ಅದನ್ನು ಆಯ್ದು, ಇಳಿತದ ಹೊತ್ತಿನಲ್ಲಿ ಕೆಸರಿಗೆ ಚುಚ್ಚಬೇಕು. ಭರತ ಎಷ್ಟು ಎತ್ತರ ಬರುತ್ತದೆ, ಅಲೆಯ ಹೊಡೆತ ಎಷ್ಟು, ಮಣ್ಣು ಕೆಸರೋ ಮರಳೋ ನೋಡಿ ಯಾವ ಜಾತಿ ಎಲ್ಲಿ ಎಂದು ತೀರ್ಮಾನಿಸಬೇಕು. ತಪ್ಪಿದರೆ ನೆಟ್ಟದ್ದೆಲ್ಲ ಹೋಯಿತು. ಈ ಕೆಲಸಕ್ಕೆ ಊರಿನ ಜನರೇ ಕೈ ಹಾಕಿದರು. ಅವರಿಗೆ ಗಿಡದ ಗುಣ ಗೊತ್ತಾಯಿತು, ವಿಜ್ಞಾನಿಗಳಿಗೆ ಊರಿನ ಗುಣ ಗೊತ್ತಾಯಿತು. ಆಮೇಲೆ ಸ್ಕಾಟ್ಲೆಂಡ್‌ನ ಎಡಿನ್‌ಬರೋ ನೇಪಿಯರ್ ವಿಶ್ವವಿದ್ಯಾಲಯದ ಮಾರ್ಕ್ ಹಕ್ಸ್‌ಹ್ಯಾಮ್ ಅವರಂಥವರೂ ಜೊತೆಯಾದರು.

ಅಷ್ಟರಲ್ಲಿ ಹೊರಗಿನ ಜಗತ್ತೂ ಈ ಕೆಸರಿನ ಕಡೆ ತಿರುಗಿತು. 2009ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯೊಂದು ‘ನೀಲಿ ಇಂಗಾಲ’ ಎಂಬ ಮಾತನ್ನು ಎಲ್ಲರ ಬಾಯಿಗೆ ತಂದಿತು. ಸಮುದ್ರ ಮತ್ತು ಕರಾವಳಿಯ ಗಿಡ, ಹುಲ್ಲು, ಮಣ್ಣು ಹಿಡಿದಿಟ್ಟುಕೊಳ್ಳುವ ಇಂಗಾಲ ಅದು. 2011ರಲ್ಲಿ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಪ್ರದೇಶದ 25 ಕಾಂಡ್ಲಾ ಕಾಡುಗಳ ಅಧ್ಯಯನ ಪ್ರಕಟವಾಯಿತು. ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಸಿಕ್ಕಿತ್ತು. ಅದರಲ್ಲಿ ಹೆಚ್ಚಿನ ಪಾಲು ಮರದಲ್ಲಿಲ್ಲ, ಬುಡದ ಮಣ್ಣಿನಲ್ಲಿದೆ. ನೀರು ತುಂಬಿದ ಕೆಸರಿನಲ್ಲಿ ಆಮ್ಲಜನಕ ಇರುವುದು ಕಡಿಮೆ, ಹಾಗಾಗಿ ಉದುರಿದ ಎಲೆ, ಸತ್ತ ಬೇರು ಬೇಗ ಕೊಳೆಯುವುದಿಲ್ಲ. ವರ್ಷ ವರ್ಷ ಪದರ ಪದರವಾಗಿ ಕೂರುತ್ತದೆ. ಮರ ಕಡಿದು ಮಣ್ಣು ಅಗೆದರೆ ಆ ಹಳೆಯ ಇಂಗಾಲವೂ ಗಾಳಿಗೆ ಹಾರುತ್ತದೆ. ಹೊಸದಾಗಿ ನೆಡುವುದಕ್ಕಿಂತ ಇರುವುದನ್ನು ಉಳಿಸುವುದೇ ದೊಡ್ಡ ಕೆಲಸ ಎನ್ನುವುದಕ್ಕೆ ಇದೇ ಕಾರಣ.

ಗಾಜಿಯವರಿಗೆ ಇನ್ನೊಂದು ಅಡ್ಡಿ ಇತ್ತು. ಕಾಡು ಸರ್ಕಾರದ್ದು. ತಮ್ಮದಲ್ಲದ ಕಾಡಿನ ಇಂಗಾಲವನ್ನು ಜನ ಮಾರುವುದು ಹೇಗೆ? 2005ರ ಅರಣ್ಯ ಕಾಯ್ದೆ ಆ ಬಾಗಿಲು ತೆರೆಯಿತು. ಊರಿನವರು ಸಮುದಾಯ ಅರಣ್ಯ ಸಂಘ ಕಟ್ಟಿಕೊಂಡು, ಅರಣ್ಯ ಸೇವೆಯ ಜೊತೆ ಒಪ್ಪಂದ ಮಾಡಿಕೊಂಡು ಕಾಡನ್ನು ನೋಡಿಕೊಳ್ಳಬಹುದು ಎಂದಾಯಿತು. ಈ ಕಾನೂನು ಇಲ್ಲದಿದ್ದರೆ ಮಿಕೊಕೊ ಪಮೋಜ ಕಾಗದದ ಮೇಲೇ ಉಳಿಯುತ್ತಿತ್ತು. ಯೋಜನೆಯನ್ನು ಪರಿಶೀಲಿಸಿ ಮುದ್ರೆ ಒತ್ತುವುದು ‘ಪ್ಲಾನ್ ವಿವೊ’ ಎಂಬ ಮಾನಕ ಸಂಸ್ಥೆ. ಅವಧಿ 20 ವರ್ಷ, 2033ರ ತನಕ.

ದುಡ್ಡಿನ ವಿಷಯ ನೇರವಾಗಿ ಹೇಳಬೇಕು. ವರ್ಷಕ್ಕೆ ಲೆಕ್ಕ ಸಿಗುವುದು ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್‌ಗೆ. ಶುರುವಿನ ವರ್ಷಗಳಲ್ಲಿ ಬಂದ ಆದಾಯ ವರ್ಷಕ್ಕೆ 12,000ದಿಂದ 15,000 ಡಾಲರ್ ಆಸುಪಾಸು. ಎರಡೂ ಊರು ಸೇರಿ 5,000ಕ್ಕೂ ಹೆಚ್ಚು ಜನ. ತಲೆಗೆ ಹಂಚಿದರೆ ಮೂರು ಡಾಲರ್ ಕೂಡ ಬರುವುದಿಲ್ಲ. ಅದಕ್ಕೇ ಹಂಚಲಿಲ್ಲ. ಊರಿನ ಸಭೆ ಕರೆದು ಯಾವುದಕ್ಕೆ ಖರ್ಚು ಮಾಡಬೇಕೆಂದು ಕೇಳಿದರು. ಕುಡಿಯುವ ನೀರಿನ ವ್ಯವಸ್ಥೆಯಾಯಿತು, ಶಾಲೆಗಳಿಗೆ ಪುಸ್ತಕ ಬಂತು. ಕಾಡು ಉಳಿದದ್ದರ ಫಲ ಹೀಗೆ ಮನೆ ಹತ್ತಿರದ ನಲ್ಲಿಯಲ್ಲಿ ಕಾಣಿಸಿತು. 2017ರಲ್ಲಿ ಯೋಜನೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಸಿಕ್ಕಿತು.

ನನಗೆ ಪ್ರಶಸ್ತಿಗಿಂತ ಮುಖ್ಯ ಅನ್ನಿಸುವುದು ಗಾಳಿ ಮರದ ತೋಪು. ಕರಾವಳಿಯಲ್ಲಿ ಮೀನು ಕೊಂಡು, ಕರಿದು ಮಾರುವ ಹೆಂಗಸರನ್ನು ‘ಮಾಮಾ ಕರಂಗಾ’ ಎಂದು ಕರೆಯುತ್ತಾರೆ. ಅವರ ಒಲೆಗೆ ದಿನಾ ಸೌದೆ ಬೇಕು. ‘ಕಾಂಡ್ಲಾ ಕಡಿಯಬೇಡಿ’ ಎಂದು ಬೋರ್ಡ್ ಹಾಕಿದರೆ ಒಲೆ ಉರಿಯುತ್ತದಾ? ಆದ್ದರಿಂದ ಯೋಜನೆಯವರು ಒಣ ನೆಲದಲ್ಲಿ ಬೇಗ ಬೆಳೆಯುವ ಗಾಳಿ ಮರ ನೆಟ್ಟರು. ಸೌದೆಗೂ ಅದೇ, ಮನೆಯ ಕಂಬಕ್ಕೂ ಅದೇ. ಇಂಗಾಲದ ಲೆಕ್ಕದಲ್ಲಿ ಈ ತೋಪು ಸಣ್ಣದು. ಆದರೆ ಅದು ಇಲ್ಲದಿದ್ದರೆ ಕೊಡಲಿ ಪಕ್ಕದ ಕಾಂಡ್ಲಾಕ್ಕೆ ಹೋಗುತ್ತಿತ್ತು, ಅಲ್ವಾ?

2019ರಲ್ಲಿ ತಾಂಜಾನಿಯಾ ಗಡಿಯ ಹತ್ತಿರದ ವಾಂಗಾ, ಜಿಂಬೊ, ಕಿವೇಗು ಊರುಗಳು ಇದೇ ದಾರಿ ಹಿಡಿದವು. ಈ ಸಲ ಕಾಡು 460 ಹೆಕ್ಟೇರ್, ಗಾಜಿಯ ನಾಲ್ಕು ಪಟ್ಟು. ಆಮೇಲೆ ಜಗತ್ತಿನ ಎಲ್ಲೆಡೆ ದೊಡ್ಡ ಕಂಪನಿಗಳ ಕಣ್ಣು ಕಾಂಡ್ಲಾ ಮೇಲೆ ಬಿದ್ದಿದೆ. ಇಲ್ಲಿ ನನಗೆ ಆತಂಕವೂ ಇದೆ. ಹೊಗೆ ಬಿಡುವವರು ತಮ್ಮ ಹೊಗೆ ಕಡಿಮೆ ಮಾಡದೆ, ಬಡ ಊರಿನ ಕಾಡು ತೋರಿಸಿ ಕೈ ತೊಳೆದುಕೊಳ್ಳುವುದು ಸುಲಭ. ಊರಿಗೆ ಚೂರು ಕೊಟ್ಟು ನಡುವಿನವರು ಪಾಲು ನುಂಗುವುದು ಇನ್ನೂ ಸುಲಭ. ಕೆನ್ಯಾ 2023ರಲ್ಲಿ ತನ್ನ ಹವಾಮಾನ ಕಾಯ್ದೆಗೆ ತಿದ್ದುಪಡಿ ತಂದು, ನೆಲದ ಮೇಲಿನ ಕಾರ್ಬನ್ ಯೋಜನೆಗಳ ಆದಾಯದಲ್ಲಿ ಕನಿಷ್ಠ ಶೇ 40 ಊರಿನವರಿಗೆ ಹೋಗಲೇಬೇಕು ಎಂದು ಬರೆಯಿತು. ಒಳ್ಳೆಯ ಕೆಲಸ.

ನಮ್ಮ ಕಡೆಗೂ ಈ ಮಾತು ಬರುತ್ತದೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿತು. ಅಲ್ಲಿ ಕಾಂಡ್ಲಾ ಇದೆ, ಉಪ್ಪುನೀರು ತಾಳುವ ಕಗ್ಗ ಭತ್ತದ ಗಜನಿ ಗದ್ದೆ ಇದೆ, ಕೆಸರಿನಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕಿ ಬದುಕುವ ಕುಟುಂಬಗಳಿವೆ. ನಾಳೆ ಯಾರಾದರೂ ಕಾರ್ಬನ್ ಒಪ್ಪಂದ ಹಿಡಿದು ಬಂದರೆ ಟನ್ನಿಗೆ ಎಷ್ಟು ಡಾಲರ್ ಎಂದು ಕೇಳುವುದು ಆಮೇಲೆ. ಬಳಚು ಹೆಕ್ಕುವವರಿಗೆ ಕೆಸರಿಗೆ ಇಳಿಯುವ ಹಕ್ಕು ಉಳಿಯುತ್ತದಾ, ದುಡ್ಡಿನ ಲೆಕ್ಕ ಯಾರ ಕೈಯಲ್ಲಿರುತ್ತದೆ, ಒಪ್ಪಂದದ ಕಾಗದ ಕನ್ನಡದಲ್ಲಿ ಇದೆಯಾ, ಇಷ್ಟನ್ನು ಅಲ್ಲಿನವರು ಮೊದಲು ಕೇಳಬೇಕು. ಉತ್ತರ ಬರುವ ತನಕ ಸಹಿ ಹಾಕಬಾರದು.