ಕ್ವಾರಂಟೈನ್: ಹೊಸ ಸಮುದ್ರ ಮೀನನ್ನು ಎಷ್ಟು ದಿನ ಬೇರೆ ಇಡಬೇಕು, ಯಾಕೆ

2020ರಿಂದ ಈಚೆಗೆ ಕ್ವಾರಂಟೈನ್ ಅನ್ನುವ ಪದ ಚಿಕ್ಕ ಮಕ್ಕಳಿಗೂ ಗೊತ್ತು. ಬೇರೆ ಇಡುವುದು, ಯಾರ ಜೊತೆಗೂ ಸೇರಿಸದಿರುವುದು, ಅಷ್ಟೇ ಅಲ್ವಾ? ಆದರೆ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ 'ಬೇರೆ' ಅನ್ನುವ ಅರ್ಥವೇ ಇಲ್ಲ. ಇರುವುದು ಒಂದು ಲೆಕ್ಕ. ವೆನಿಸ್‌ನವರ ಮಾತಿನಲ್ಲಿ 'ಕ್ವಾರಂಟೆನಾ' ಅಂದರೆ ನಲವತ್ತು ದಿನ. ಪ್ಲೇಗ್ ಹರಡುತ್ತಿದ್ದ ಕಾಲದಲ್ಲಿ ಹಡಗುಗಳನ್ನು ಬಂದರಿಗೆ ಬಿಟ್ಟುಕೊಳ್ಳದೆ ಅಷ್ಟು ದಿನ ದೂರ ನಿಲ್ಲಿಸುತ್ತಿದ್ದರು. ಅದಕ್ಕೂ ಮೊದಲು, 1377ರಲ್ಲಿ, ರಗೂಸಾ ಪಟ್ಟಣ ಇಂಥದ್ದೇ ನಿಯಮ ಮಾಡಿತ್ತು. ಈಗ ಅದನ್ನು ಡುಬ್ರೊವ್ನಿಕ್ ಅನ್ನುತ್ತಾರೆ, ಕ್ರೊಯೇಷಿಯಾದಲ್ಲಿದೆ. ಅಲ್ಲಿ 30 ದಿನ ಇತ್ತು. ಆಮೇಲೆ ಅದು 40 ಆಯಿತು, ಆ ಎಣಿಕೆಯೇ ಹೆಸರಾಗಿ ಉಳಿಯಿತು.

ಆ ಜನ ರೋಗಾಣುವನ್ನು ಕಣ್ಣಲ್ಲಿ ಕಂಡವರಲ್ಲ. ಆದರೂ ದಿನ ಎಣಿಸಿದರು. ಸಮುದ್ರ ಮೀನು ಸಾಕುವವರಿಗೆ ಈ ಪದದ ಹಳೆಯ ಅರ್ಥವೇ ಹೆಚ್ಚು ಕೆಲಸಕ್ಕೆ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ಬೇರೆ ಟ್ಯಾಂಕ್ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ. ದಿನ ಎಣಿಸುವವರು ಕಡಿಮೆ. ನಾಲ್ಕು ದಿನ ನೋಡಿ, ಮೀನು ಚೆನ್ನಾಗಿ ತಿನ್ನುತ್ತಿದೆ ಅಂತ ದೊಡ್ಡ ಟ್ಯಾಂಕಿಗೆ ಬಿಟ್ಟರೆ ಅದು ಕ್ವಾರಂಟೈನ್ ಅಲ್ಲ, ಸುಮ್ನೆ ದಾರಿಯಲ್ಲಿ ಒಂದು ತಂಗುವಿಕೆ ಅಷ್ಟೆ.

ಒಂದು ಸಾಮಾನ್ಯ ಪ್ರಸಂಗ ನೋಡಿ. ಟ್ಯಾಂಗ್ ಅನ್ನುವ ಜಾತಿಯ ಹೊಸ ಸಮುದ್ರ ಮೀನು ಬಂದಿದೆ. ಎರಡನೇ ದಿನ ಅದು ಕಲ್ಲಿಗೆ ಮೈ ಉಜ್ಜುತ್ತದೆ. ನಾಲ್ಕನೇ ದಿನ ರೆಕ್ಕೆಯ ಮೇಲೆ ಉಪ್ಪು ಉದುರಿಸಿದ ಹಾಗೆ ಆರೇಳು ಬಿಳಿ ಚುಕ್ಕೆ. ಸಾಕುವವರು ಗಾಬರಿಯಾಗಿ ಆಹಾರಕ್ಕೆ ಬೆಳ್ಳುಳ್ಳಿ ರಸ ಬೆರೆಸಿ ಹಾಕುತ್ತಾರೆ. ಏಳನೇ ದಿನ ಚುಕ್ಕೆ ಮಾಯ. ಬೆಳ್ಳುಳ್ಳಿ ಕೆಲಸ ಮಾಡಿತು ಅಂತ ಎಲ್ಲರಿಗೂ ಸಮಾಧಾನ. ಇನ್ನೊಂದು ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಆ ಮೀನಿನ ಮೈತುಂಬ ಚುಕ್ಕೆ. ಪಕ್ಕದಲ್ಲಿದ್ದ ಹಳೆಯ ಮೀನುಗಳ ಮೇಲೂ ಚುಕ್ಕೆ.

ಇಲ್ಲಿ ಬೆಳ್ಳುಳ್ಳಿ ಏನೂ ಮಾಡಲಿಲ್ಲ. ಚುಕ್ಕೆ ಹೋದದ್ದು ತನ್ನ ಪಾಡಿಗೆ ತಾನು. ಯಾಕೆ ಹೋಯಿತು ಅಂತ ತಿಳಿಯಬೇಕಾದರೆ ಆ ಚುಕ್ಕೆ ಏನು ಅಂತ ತಿಳಿಯಬೇಕು.

ಹವ್ಯಾಸಿಗಳು ಇದನ್ನು 'ಮರೀನ್ ಇಕ್' ಅನ್ನುತ್ತಾರೆ. 'ಇಕ್' ಅನ್ನುವುದು ಸಿಹಿನೀರಿನ ಮೀನಿಗೆ ಬರುವ ಇಕ್ತಿಯೋಫ್ತೀರಿಯಸ್ ಅನ್ನುವ ಪರೋಪಜೀವಿಯ ಹೆಸರಿನ ತುಂಡು. ಗ್ರೀಕ್‌ನಲ್ಲಿ ಆ ಹೆಸರಿಗೆ ಮೀನಿನ ಹೇನು ಅಂತ ಅರ್ಥ. ಸಮುದ್ರ ಮೀನಿನ ಮೇಲೆ ಕೂರುವುದು ಆ ಜೀವಿ ಅಲ್ಲವೇ ಅಲ್ಲ. ಸಮುದ್ರದ ಜೀವಿಯ ಹೆಸರು ಕ್ರಿಪ್ಟೋಕಾರಿಯಾನ್ ಇರಿಟಾನ್ಸ್, 1951ರಲ್ಲಿ ಇಟ್ಟದ್ದು. ಇಬ್ಬರೂ ಒಂದೇ ಜೀವಕೋಶದ ಜೀವಿಗಳು, ಇಬ್ಬರೂ ಬಿಳಿ ಚುಕ್ಕೆ ತರುತ್ತಾರೆ, ಆದರೆ ಹತ್ತಿರದ ನೆಂಟರಲ್ಲ. ಹಾಗಾಗಿ ಸಿಹಿನೀರಿನ ಟ್ಯಾಂಕ್‌ನಲ್ಲಿ ಕಲಿತ ಮದ್ದು, ನೀರು ಸ್ವಲ್ಪ ಬಿಸಿ ಮಾಡಿದರೆ ಸಾಕು ಅನ್ನುವಂಥದ್ದು, ಇಲ್ಲಿ ನಡೆಯುವುದಿಲ್ಲ.

ನಮಗೆ ಕಾಣುವ ಚುಕ್ಕೆ ಈ ಜೀವಿಯ ಬದುಕಿನ ಒಂದು ಘಟ್ಟ ಮಾತ್ರ. ಅದು ಮೀನಿನ ಚರ್ಮದ ಒಳಗೆ ಕೂತು ಮೇಯುತ್ತಿರುತ್ತದೆ. ಚರ್ಮದ ಮೇಲೆ ಅಲ್ಲ, ಮೇಲ್ಪದರದ ಅಡಿಯಲ್ಲಿ. ಅದಕ್ಕೇ ನೀರಿಗೆ ಹಾಕಿದ ಔಷಧ ಅದನ್ನು ಮುಟ್ಟುವುದಿಲ್ಲ. ಮೂರರಿಂದ ಏಳು ದಿನ ಹೊಟ್ಟೆ ತುಂಬ ತಿಂದು ಅದು ಮೀನನ್ನು ಬಿಟ್ಟು ಕೆಳಗಿಳಿಯುತ್ತದೆ. ಚುಕ್ಕೆ ಮಾಯವಾದದ್ದು ಅಂದರೆ ಇದೇ. ಕೆಳಗೆ ಕಲ್ಲು, ಮರಳು, ಗಾಜು, ಏನು ಸಿಕ್ಕರೆ ಅದಕ್ಕೆ ಅಂಟಿಕೊಂಡು ಸುತ್ತ ಗಟ್ಟಿ ಗೂಡು ಕಟ್ಟುತ್ತದೆ. ಗೂಡಿನೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ನೂರಕ್ಕೂ ಹೆಚ್ಚು ಮರಿಗಳು ತಯಾರಾಗುತ್ತವೆ. ಬೇಗ ಅಂದರೆ ಮೂರು ದಿನಕ್ಕೆ ಗೂಡು ಒಡೆಯಬಹುದು. ನಾಲ್ಕು ವಾರವೂ ಹಿಡಿಯಬಹುದು. 72 ದಿನ ತಡೆದು ಒಡೆದ ಗೂಡುಗಳೂ ದಾಖಲಾಗಿವೆ. ಹೊರಬಂದ ಮರಿ ಈಜುತ್ತಾ ಮೀನನ್ನು ಹುಡುಕುತ್ತದೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಅದು ಸಾಯುತ್ತದೆ.

ಇನ್ನೊಂದು ವಿಷಯ. ಮೀನಿನಿಂದ ಇಳಿಯುವುದು, ಗೂಡು ಒಡೆದು ಹೊರಬರುವುದು, ಎರಡೂ ಹೆಚ್ಚಾಗಿ ನಡೆಯುವುದು ಕತ್ತಲಲ್ಲಿ. ಆ ಹೊತ್ತಿಗೆ ಮೀನು ಎಲ್ಲಿರುತ್ತದೆ? ಕಲ್ಲಿನ ಸಂದಿಯಲ್ಲಿ, ತನ್ನ ಮಾಮೂಲು ಜಾಗದಲ್ಲಿ ಅಲ್ಲಾಡದೆ ಮಲಗಿರುತ್ತದೆ. ಗೂಡುಗಳೂ ಅಲ್ಲೇ ಸುತ್ತಮುತ್ತ. ಸಮುದ್ರದಲ್ಲಿ ಇಷ್ಟು ನೀರಿನ ನಡುವೆ ಬಹಳಷ್ಟು ಮರಿಗಳು ಹಾಗೇ ಸಾಯುತ್ತವೆ. ನಾಲ್ಕು ಗಾಜಿನ ಗೋಡೆಯ ನಡುವೆ ಹಾಗಲ್ಲ. ಪ್ರತಿ ಸುತ್ತಿನಲ್ಲೂ ಲೆಕ್ಕ ಏರುತ್ತಾ ಹೋಗುತ್ತದೆ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಟ್ಯಾಂಕ್ ಬದಲಿಸುವ ವಿಧಾನ. ಔಷಧವೇ ಇಲ್ಲ. ಎರಡು ಖಾಲಿ ಟ್ಯಾಂಕ್ ಸಾಕು. ಮೊದಲನೇ ದಿನ ಮೀನನ್ನು ಒಂದಕ್ಕೆ ಬಿಡಿ. ನಾಲ್ಕನೇ ದಿನ ಎರಡನೆಯದಕ್ಕೆ. ಏಳು, ಹತ್ತು, ಹದಿಮೂರನೇ ದಿನ ಮತ್ತೆ ಹೀಗೇ ಅದಲು ಬದಲು. ಪ್ರತಿ ಸಲ ಹಿಂದಿನ ಟ್ಯಾಂಕ್‌ನ ನೀರೆಲ್ಲಾ ಚೆಲ್ಲಿ, ತೊಳೆದು, ಪೂರ್ತಿ ಒಣಗಿಸಬೇಕು. ಮೀನಿನಿಂದ ಇಳಿದ ಜೀವಿಗಳು ಹಿಂದಿನ ಟ್ಯಾಂಕ್‌ನಲ್ಲೇ ಉಳಿದವು. ಅವುಗಳ ಗೂಡು ಒಡೆಯಲು ಕನಿಷ್ಠ ಮೂರು ದಿನ ಬೇಕು. ಅಷ್ಟರೊಳಗೆ ಮೀನು ಅಲ್ಲಿಂದ ಹೊರಟಾಗಿದೆ. ಏಳು ದಿನಕ್ಕಿಂತ ಹೆಚ್ಚು ಮೈಯಲ್ಲಿ ಕೂರಲು ಅವಕ್ಕೆ ಆಗದು. ಹೊಸದು ಹತ್ತುವುದಿಲ್ಲ, ಹಳೆಯದು ಉಳಿಯುವುದಿಲ್ಲ. 72 ಗಂಟೆ ಅನ್ನುವ ಗಡಿ ಮೀರಬಾರದು, ಅದೊಂದೇ ಕಟ್ಟುನಿಟ್ಟು. ಒಂದು ದಿನ ಬಿಡುವಿಲ್ಲ ಅಂತ ಮುಂದೂಡಿದರೆ ಇಡೀ ಲೆಕ್ಕ ಕೆಟ್ಟಿತು.

ತಾಮ್ರದ ಔಷಧ ಇನ್ನೊಂದು ದಾರಿ. ತಾಮ್ರ ಕೊಲ್ಲುವುದು ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗಿರುವುದಕ್ಕೂ ಗೂಡಿಗೂ ಅದು ತಟ್ಟುವುದಿಲ್ಲ. ಹಾಗಾಗಿ ಮರಿಗಳು ಹೊರಬರುವವರೆಗೆ ಕಾಯಬೇಕು, ಸಾಮಾನ್ಯವಾಗಿ 30 ದಿನ. ಆ ಅಷ್ಟೂ ದಿನ ನೀರಿನಲ್ಲಿ ತಾಮ್ರದ ಮಟ್ಟ ಇಳಿಯಬಾರದು. ಸಾದಾ ಅಯಾನಿಕ್ ತಾಮ್ರವಾದರೆ ಲೀಟರಿಗೆ 0.15ರಿಂದ 0.25 ಮಿಲಿಗ್ರಾಂ. ಕಡಿಮೆಯಾದರೆ ಮರಿ ಬದುಕುತ್ತದೆ, ಜಾಸ್ತಿಯಾದರೆ ಮೀನು ಸಾಯುತ್ತದೆ. ತಾಮ್ರವನ್ನು ಬೇರೆ ಅಣುವಿಗೆ ಕಟ್ಟಿಹಾಕಿದ, ಅಂದರೆ ಕೀಲೇಟೆಡ್ ತಾಮ್ರ ಇರುವ ಔಷಧಗಳಿಗೆ ಈ ಅಳತೆ ಹೊಂದುವುದಿಲ್ಲ. ಅವಕ್ಕೆ ಬೇಕಾದ ಪ್ರಮಾಣ ತುಂಬಾ ಹೆಚ್ಚು, ಶೀಶೆಯ ಮೇಲೆ ಬರೆದದ್ದನ್ನೇ ಪಾಲಿಸಿ. ಆಯಾ ಔಷಧಕ್ಕೆ ಹೊಂದುವ ಟೆಸ್ಟ್ ಕಿಟ್ ಇಲ್ಲದೆ ತಾಮ್ರ ಮುಟ್ಟಲೇಬೇಡಿ. ಹವಳ, ಸೀಗಡಿ, ಬಸವನಹುಳು ಇರುವ ಟ್ಯಾಂಕಿಗಂತೂ ಹಾಕಲೇಬಾರದು, ಅವು ಸಾಯುತ್ತವೆ. ಸುಣ್ಣದ ಕಲ್ಲು, ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ ಕೂಡ. ಕ್ವಾರಂಟೈನ್ ಟ್ಯಾಂಕ್ ಬರಿದಾಗಿರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಉಪ್ಪು ಇಳಿಸುವ ದಾರಿಯೂ ಇದೆ. ಸಮುದ್ರದ ನೀರಿನ ಸ್ಪೆಸಿಫಿಕ್ ಗ್ರಾವಿಟಿ, ಅಂದರೆ ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ, ಸುಮಾರು 1.026. ಅದನ್ನು 1.009ಕ್ಕೆ ಇಳಿಸಿ ನಾಲ್ಕು ವಾರ ಇಡುತ್ತಾರೆ. ಗೂಡುಗಳು ಅದನ್ನು ತಡೆಯಲಾರವು. ಇದನ್ನು ಅಳೆಯುವ ರಿಫ್ರಾಕ್ಟೋಮೀಟರ್ ಸರಿಯಾಗಿ ಹೊಂದಿಸಿರಬೇಕು.

ಎಲ್ಲ ಚುಕ್ಕೆಯೂ ಇಕ್ ಅಲ್ಲ. ಚುಕ್ಕೆ ಉಪ್ಪಿನ ಹರಳಿನಷ್ಟು ದಪ್ಪ ಇಲ್ಲದೆ, ಹಿಟ್ಟು ಚಿಮುಕಿಸಿದಂತೆ, ಚಿನ್ನದ ಧೂಳಿನಂತೆ ನುಣ್ಣಗೆ ಕಂಡರೆ ಅದು ವೆಲ್ವೆಟ್ ಇರಬಹುದು. ಅಮೈಲೂಡಿನಿಯಂ ಅನ್ನುವ ಬೇರೆ ಜೀವಿಯ ಕೆಲಸ ಅದು. ಇಲ್ಲಿ ಯೋಚಿಸುತ್ತಾ ಕೂರುವಂತಿಲ್ಲ. ವೆಲ್ವೆಟ್ ಮೊದಲು ಹಿಡಿಯುವುದು ಕಿವಿರನ್ನು. ಮೈಮೇಲೆ ಧೂಳು ಕಾಣುವ ಮೊದಲೇ ಮೀನು ಸತ್ತಿರುವುದೂ ಉಂಟು. ಉಸಿರಾಟ ನೋಡಿ. ಕಿವಿರು ಬಡಬಡ ಬಡಿಯುತ್ತಿದೆಯಾ, ಬೆಳಕಿನಿಂದ ದೂರ ಹೋಗುತ್ತಿದೆಯಾ, ಪಂಪಿನಿಂದ ನೀರು ರಭಸವಾಗಿ ಬರುವ ಕಡೆಗೇ ಮುಖ ಮಾಡಿ ನಿಂತಿದೆಯಾ, ಊಟ ಬಿಟ್ಟಿದೆಯಾ? ಹಾಗಿದ್ದರೆ ಅವತ್ತೇ ಬೇರೆ ಮಾಡಿ ತಾಮ್ರ ಶುರು ಮಾಡಬೇಕು. ಟ್ಯಾಂಕ್ ಬದಲಿಸುವುದು, ಉಪ್ಪು ಇಳಿಸುವುದು ವೆಲ್ವೆಟ್‌ಗೆ ಸಾಲದು. ಹೊಸ ಮೀನು ಬಂದ ಮೊದಲ ವಾರ ಚರ್ಮ ನೋಡುವುದಕ್ಕಿಂತ ಉಸಿರು ನೋಡುವುದೇ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ.

ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ದಪ್ಪವಾಗಿ ಸುಲಿದು ಬರುತ್ತಿದ್ದರೆ ಬ್ರೂಕ್ಲಿನೆಲ್ಲಾ ಅನ್ನುವ ಪರೋಪಜೀವಿ ಅಂತ ಅನುಮಾನ ಪಡಬೇಕು. ಅದಕ್ಕೆ ತಾಮ್ರ ಅಲ್ಲ, ಫಾರ್ಮಲಿನ್ ಸ್ನಾನ. ಅದು ವಿಷ, ಗಾಳಿ ಆಡುವ ಕಡೆ ಕೈಗವಸು ಹಾಕಿಕೊಂಡು ಮಾಡಬೇಕು. ಕಣ್ಣು ಮಬ್ಬಾಗಿ, ಮೈ ಉಜ್ಜುತ್ತಾ, ಚುಕ್ಕೆ ಕಾಣದಿದ್ದರೆ ಚಪ್ಪಟೆ ಹುಳು ಇರಬಹುದು. ಅಷ್ಟೇ ಬಿಸಿಯ, ಅಷ್ಟೇ ಪಿಎಚ್ ಇರುವ ಸಿಹಿನೀರಿನಲ್ಲಿ ಐದು ನಿಮಿಷ ಅದ್ದಿದರೆ ಪಾರದರ್ಶಕವಾಗಿದ್ದ ಹುಳು ಬೆಳ್ಳಗಾಗಿ ಕೆಳಗೆ ಉದುರುತ್ತದೆ. ಇದಕ್ಕೆ ಪ್ರಾಜಿಕ್ವಾಂಟೆಲ್ ಔಷಧ. ಅದು ಮೊಟ್ಟೆಯನ್ನು ಕೊಲ್ಲುವುದಿಲ್ಲ, ಹಾಗಾಗಿ ಮೊಟ್ಟೆ ಒಡೆದ ಮೇಲೆ ಇನ್ನೊಂದು ಸಲ. ಹೂಕೋಸಿನಂತೆ ಗಂಟು ಗಂಟಾಗಿ ಬೆಳೆದದ್ದು ಸಾಮಾನ್ಯವಾಗಿ ವೈರಸ್, ಪರೋಪಜೀವಿ ಅಲ್ಲ. ಹೆಚ್ಚಿನ ಸಲ ತಾನೇ ಹೋಗುತ್ತದೆ, ಔಷಧ ಸುರಿದು ಮೀನನ್ನು ಸೊರಗಿಸಬೇಡಿ.

ಟ್ಯಾಂಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರಿ ಗಾಜು, ಹೀಟರ್, ಗಾಳಿ ಪಂಪ್, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು. ಮೇಲೆ ಮುಚ್ಚಳ. ಆದರೆ ಅಮೋನಿಯಾ ಬಗ್ಗೆ ಹೇಳಲೇಬೇಕು. ಹೊಸ ಟ್ಯಾಂಕ್‌ನಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ಸಮುದ್ರದ ನೀರಿನ ಪಿಎಚ್‌ನಲ್ಲಿ ಅಮೋನಿಯಾ ಜಾಸ್ತಿ ವಿಷವಾಗುತ್ತದೆ. ರೋಗ ಬಿಟ್ಟರೂ ನೀರು ಕೊಂದಿತು ಅನ್ನುವ ಹಾಗಾಗಬಾರದು. ಸ್ಪಂಜನ್ನು ಕೆಲವು ವಾರ ಮೊದಲೇ ರೋಗವಿಲ್ಲದ ಟ್ಯಾಂಕ್‌ನಲ್ಲಿ ಇಟ್ಟು ಪಳಗಿಸಿ. ತಾಮ್ರ ಇರುವ ನೀರಿಗೆ ಅಮೋನಿಯಾ ಕಟ್ಟುವ ದ್ರಾವಣ ಹಾಕಬೇಡಿ, ಕೆಲವು ದ್ರಾವಣಗಳು ತಾಮ್ರವನ್ನು ಇನ್ನೂ ವಿಷವಾಗಿಸುತ್ತವೆ. ನೀರು ಬದಲಿಸುವುದೇ ವಾಸಿ. ಬಲೆ, ಬಕೆಟ್, ಪೈಪು ಎಲ್ಲಾ ಬೇರೆ. ಗಾಳಿಗುಳ್ಳೆ ಒಡೆದಾಗ ಸಿಡಿಯುವ ಹನಿಯಲ್ಲೂ ವೆಲ್ವೆಟ್ ಮರಿಗಳು ಹಾರಿ ಪಕ್ಕದ ನೀರಿಗೆ ಬೀಳಬಲ್ಲವು. ಎರಡು ಟ್ಯಾಂಕ್ ಒಂದಕ್ಕೊಂದು ತಾಗಿಕೊಂಡಿರಬಾರದು.

ಹೊಸ ಮೀನನ್ನು ಆಗಲೇ ದೊಡ್ಡ ಟ್ಯಾಂಕಿಗೆ ಬಿಟ್ಟಾಗಿದ್ದರೆ? ಚುಕ್ಕೆ ಇರುವ ಒಂದನ್ನು ಮಾತ್ರ ಹಿಡಿದರೆ ಏನೂ ಪ್ರಯೋಜನ ಇಲ್ಲ. ಎಲ್ಲ ಮೀನನ್ನೂ ತೆಗೆದು ಚಿಕಿತ್ಸೆ ಮಾಡಬೇಕು. ಕಲ್ಲು, ಹವಳ, ಸೀಗಡಿ ಅಲ್ಲೇ ಇರಲಿ, ಈ ಜೀವಿ ಅವನ್ನು ತಿನ್ನುವುದಿಲ್ಲ. ಮೀನಿಲ್ಲದೆ 76 ದಿನ ಬಿಡಬೇಕು ಅನ್ನುವುದು ಹವ್ಯಾಸಿಗಳಲ್ಲಿ ನಡೆದುಬಂದ ಲೆಕ್ಕ. ಆ 72 ದಿನದ ಗೂಡು ನೆನಪಿದೆಯಲ್ಲ, ಅದರ ಮೇಲೆ ಮರಿ ಹಸಿದು ಸಾಯಲು, ಸ್ವಲ್ಪ ಹೆಚ್ಚೇ ಹಿಡಿದು, ನಾಲ್ಕು ದಿನ. ಹೊಸ ಹವಳದ ತುಂಡಿನ ಬುಡದಲ್ಲೂ ಗೂಡು ಇರಬಹುದಾದ್ದರಿಂದ ಅದಕ್ಕೂ ಇದೇ ಲೆಕ್ಕ.

ಯಾವ ರೋಗವೂ ಕಾಣದ ಮೀನಿಗೂ ನಾಲ್ಕರಿಂದ ಆರು ವಾರ ಕೊಡಿ. ಇಕ್ ಬರೀ ಕಿವಿರಿನಲ್ಲಿ ಅಡಗಿ, ಮೈಮೇಲೆ ಒಂದು ಚುಕ್ಕೆಯೂ ಇಲ್ಲದಿರುವುದು ಸಾಧ್ಯ. ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇರಲಿ, ದಿನಾ ಒಂದು ಗೀಟು ಹಾಕಿ. ಇಪ್ಪತ್ತಾರನೇ ದಿನ ಒಂದೇ ಒಂದು ಚುಕ್ಕೆ ಕಂಡರೂ ಚಿಕಿತ್ಸೆ ಶುರು ಮಾಡಿ, ಗೀಟುಗಳನ್ನು ಅಳಿಸಿ, ಮತ್ತೆ ಒಂದರಿಂದ ಎಣಿಸಿ.