ವಲಸೆ ಹೋದವರ ಕಾಗದಗಳು

ಕಾಗದ ಶುರುವಾಗುವುದೇ ‘ಯೇಸು ಕ್ರಿಸ್ತನಿಗೆ ಸ್ತುತಿಯಾಗಲಿ’ ಅಂತ. ಓದುವವರು ಮನೆಯಲ್ಲಿ ಕೂತು ‘ಯುಗಯುಗಕ್ಕೂ ಆಗಲಿ, ಆಮೆನ್’ ಅನ್ನುತ್ತಾರೆ ಅಂತ ಬರೆದವರಿಗೆ ಗೊತ್ತು. ಆಮೇಲೆ, ದೇವರ ದಯೆಯಿಂದ ನಾವು ಚೆನ್ನಾಗಿದ್ದೇವೆ, ನೀವೂ ಹಾಗೇ ಇರಿ. ಉಭಯ ಕುಶಲೋಪರಿ ಮುಗಿದ ಮೇಲೆ ಅಣ್ಣ, ಅತ್ತಿಗೆ, ಅವರ ಮಕ್ಕಳು ಅಂತ ಒಬ್ಬೊಬ್ಬರಿಗೂ ನಮಸ್ಕಾರ. ಒಂದೊಂದು ಕಾಗದದಲ್ಲಿ ಇಷ್ಟೇ ಇರುತ್ತದೆ, ಸುದ್ದಿ ಅನ್ನುವಂಥದ್ದು ಏನೂ ಇರುವುದಿಲ್ಲ.

ಇವು ಪೋಲೆಂಡಿನ ರೈತ ಕುಟುಂಬಗಳ ಕಾಗದಗಳು. ನೂರು ವರ್ಷಕ್ಕೂ ಹಿಂದೆ ಆ ಹಳ್ಳಿಗಳಿಂದ ಲಕ್ಷಾಂತರ ಜನ ಅಮೆರಿಕಕ್ಕೆ ಹೋದರು. ಆಗ ಪೋಲೆಂಡ್ ಅನ್ನೋ ದೇಶವೇ ನಕ್ಷೆಯಲ್ಲಿ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂವರೂ ಅದನ್ನು ಹಂಚಿಕೊಂಡಿದ್ದರು. ಹೋದವರಲ್ಲಿ ಬಹಳ ಜನ ಷಿಕಾಗೊ ಸೇರಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸಮಾಜಶಾಸ್ತ್ರಜ್ಞ ವಿಲಿಯಂ ಐಸಾಕ್ ಥಾಮಸ್ ಒಂದು ಕೆಲಸ ಮಾಡಿದರು. ಪೋಲಿಷ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಊರಿನಿಂದ ಬಂದ ಕಾಗದಗಳನ್ನು ಕೊಂಡುಕೊಂಡರು. ಒಂದಕ್ಕೆ 10ರಿಂದ 20 ಸೆಂಟ್.

ಅದಕ್ಕೂ ಮೊದಲು ವಲಸೆಯ ಅಧ್ಯಯನ ಅಂದರೆ ಎಣಿಕೆ. ಲಂಡನ್ನಿನಲ್ಲಿದ್ದ ಭೂಗೋಳತಜ್ಞ ಅರ್ನ್ಸ್ಟ್ ಗೇಯೋರ್ಗ್ ರೇವನ್‌ಸ್ಟೈನ್ 1885ರಲ್ಲಿ ಬ್ರಿಟನ್ನಿನ ಜನಗಣತಿ ಹಿಡಿದು ಕೂತರು. ಹುಟ್ಟಿದ್ದು ಎಲ್ಲಿ, ಈಗಿರುವುದು ಎಲ್ಲಿ ಅಂತ ಹೋಲಿಸಿ ನೋಡಿದರು. ಊರು ಬಿಡುವವರಲ್ಲಿ ಜಾಸ್ತಿ ಜನ ಹತ್ತಿರಕ್ಕೇ ಹೋಗುತ್ತಾರೆ, ಒಂದು ಕಡೆಗೆ ಜನ ಹರಿದರೆ ಅಲ್ಲಿಂದ ವಾಪಸ್ಸು ಬರುವವರೂ ಇದ್ದೇ ಇರುತ್ತಾರೆ, ಹತ್ತಿರದ ವಲಸೆಯಲ್ಲಿ ಹೆಂಗಸರೇ ಹೆಚ್ಚು ಅಂತ ಹೇಳಿದರು. ಇವತ್ತಿಗೂ ಇದು ಬಹಳ ಮಟ್ಟಿಗೆ ನಿಜ. ವಿಶ್ವಸಂಸ್ಥೆಯ ಅಂದಾಜಿನಲ್ಲಿ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬದುಕುತ್ತಿದ್ದವರು ಸುಮಾರು 30 ಕೋಟಿ 40 ಲಕ್ಷ. ದೊಡ್ಡ ಸಂಖ್ಯೆಯೇ. ಆದರೆ ಜಗತ್ತಿನ ಜನರಲ್ಲಿ ಇವರು ನೂರಕ್ಕೆ ನಾಲ್ಕು ಜನವೂ ಇಲ್ಲ.

ಎಣಿಕೆ ಬೇಕೇ ಬೇಕು. ಆದರೆ ಯಾರು ಯಾಕೆ ಹೊರಟರು, ಹೋದ ಮೇಲೆ ಮನೆಯಲ್ಲಿ ಏನಾಯಿತು ಅನ್ನೋದು ಗಣತಿಯ ಕಾಲಂನಲ್ಲಿ ಸಿಗುವುದಿಲ್ಲ. ಥಾಮಸ್ ಕಾಗದಗಳ ಹಿಂದೆ ಬಿದ್ದದ್ದು ಇದಕ್ಕೇ. 1913ರಲ್ಲಿ ವಾರ್ಸಾದಲ್ಲಿ ಅವರಿಗೆ ಫ್ಲೋರಿಯನ್ ಜ್ನಾನಿಯೆಟ್ಸ್ಕಿ ಸಿಕ್ಕರು. ತತ್ವಶಾಸ್ತ್ರ ಓದಿದ್ದ ಈ ಯುವಕ ವಲಸೆ ಹೋಗುವವರಿಗೆ ನೆರವಾಗುವ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಮರುವರ್ಷ ಯುದ್ಧ ಶುರುವಾದಾಗ ಷಿಕಾಗೊಗೆ ಬಂದರು. ಇಬ್ಬರೂ ಸೇರಿ 1918ರಿಂದ 1920ರ ನಡುವೆ ಐದು ಸಂಪುಟ ಹೊರತಂದರು. ನೂರಾರು ಕಾಗದಗಳನ್ನು ಕುಟುಂಬವಾರು ಜೋಡಿಸಿ ಹಾಗ್ಹಾಗೇ ಅಚ್ಚು ಹಾಕಿದರು.

ಸುದ್ದಿಯೇ ಇಲ್ಲದ ಆ ನಮಸ್ಕಾರದ ಕಾಗದಗಳನ್ನು ಅವರು ಓದಿದ ರೀತಿ ನನಗೆ ತುಂಬಾ ಇಷ್ಟ. ಅವು ಬರೀ ಶಿಷ್ಟಾಚಾರ ಅಲ್ಲ ಅಂದರು. ದೂರ ಇದ್ದರೂ ನಾವು ಒಂದೇ ಮನೆಯವರು ಅಂತ ಮತ್ತೆ ಮತ್ತೆ ಹೇಳುವುದೇ ಆ ಕಾಗದದ ಕೆಲಸ. ಮದುವೆಯಲ್ಲೋ ನಾಮಕರಣದಲ್ಲೋ ಇರಬೇಕಾದವನು ಇರಲಿಲ್ಲ ಅಂದರೆ, ಅವನ ಜಾಗದಲ್ಲಿ ಕಾಗದ ಬಂದು ನಿಲ್ಲುತ್ತಿತ್ತು. ಓದು ಬರಹ ಬಾರದವರೂ ಬೇರೆಯವರ ಕೈಲಿ ಬರೆಸಿ ಕಳಿಸುತ್ತಿದ್ದದ್ದು ಸುಮ್ನೆ ಅಲ್ಲ. ಹೊರಟವನು ಒಬ್ಬನೇ ಆದರೂ ವಲಸೆ ಇಡೀ ಮನೆಯದು.

ಮುಂದೆ ಬೇರೆ ದೇಶಗಳಲ್ಲಿ ಮಾಡಿದ ಅಧ್ಯಯನಗಳೂ ಇದನ್ನೇ ತೋರಿಸಿದವು. ಸಂಶೋಧಕರಾದ ಡಗ್ಲಸ್ ಮ್ಯಾಸ್ಸಿ ಮತ್ತು ಹೋರ್ಹೆ ದುರಾಂಡ್ 1982ರಿಂದ ಮೆಕ್ಸಿಕೊದ ಊರುಗಳಲ್ಲಿ ಮನೆ ಮನೆಗೆ ಹೋಗಿ ಮಾಹಿತಿ ಕಲೆಹಾಕಿಸಿದರು. ಅಮೆರಿಕದಲ್ಲಿ ಅಣ್ಣನೋ ಚಿಕ್ಕಪ್ಪನೋ ಇದ್ದರೆ ಹೊರಡುವ ಸಾಧ್ಯತೆ ಜಾಸ್ತಿ. ಮೊದಲು ಹೋದವನು ಇರಲು ಜಾಗ ಕೊಡುತ್ತಾನೆ, ಕೆಲಸ ಹುಡುಕಿಕೊಡುತ್ತಾನೆ. ಎರಡನೆಯವನಿಗೆ ಖರ್ಚೂ ಕಡಿಮೆ, ಭಯವೂ ಕಡಿಮೆ.

ಅವರು ಕಂಡ ಇನ್ನೊಂದು ಸಂಗತಿ ಎಷ್ಟೋ ಜನರಿಗೆ ಇನ್ನೂ ತಲುಪಿಲ್ಲ. ಮೊದಲೆಲ್ಲ ಮೆಕ್ಸಿಕೊದ ಗಂಡಸರು ಕೆಲಸದ ಕಾಲಕ್ಕೆ ಹೋಗಿ, ದುಡ್ಡು ಮಾಡಿಕೊಂಡು ಊರಿಗೆ ವಾಪಸ್ಸು ಬರುತ್ತಿದ್ದರು. 1986ರ ನಂತರ ಗಡಿ ಕಾವಲು ಬಿಗಿಯಾಗುತ್ತಾ ಹೋಯಿತು. ದಾಟುವುದಕ್ಕೆ ದಲ್ಲಾಳಿಗೆ ಕೊಡುವ ಹಣ ಏರಿತು, ಮರುಭೂಮಿಯ ದಾರಿಯಲ್ಲಿ ಪ್ರಾಣಕ್ಕೂ ಅಪಾಯ. ಒಮ್ಮೆ ಊರಿಗೆ ಹೋದರೆ ಮತ್ತೆ ಬರೋದು ಹೇಗೆ? ಅಲ್ಲೇ ಉಳಿದರು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಅಮೆರಿಕದಲ್ಲಿ ದಾಖಲೆ ಇಲ್ಲದೆ ಇರುವವರು ಎಲ್ಲ ದೇಶದವರೂ ಸೇರಿ 1990ರಲ್ಲಿ ಸುಮಾರು 35 ಲಕ್ಷ. 2007ರ ಹೊತ್ತಿಗೆ 1 ಕೋಟಿ 20 ಲಕ್ಷ ದಾಟಿದರು. ಬರುವವರನ್ನು ತಡೆಯಲು ಹಾಕಿದ ಬೇಲಿ ಹೋಗುವವರನ್ನೇ ತಡೆಯಿತು ಅನ್ನೋದು ಮ್ಯಾಸ್ಸಿ ಅವರ ವಾದ. ಮನೆ ಮನೆಯ ಲೆಕ್ಕ ನೋಡಿದರೆ ಅದನ್ನು ಒಪ್ಪದಿರುವುದು ಕಷ್ಟ.

ಈಗ ಕಾಗದ ಬರೆಯುವವರು ಯಾರಿದ್ದಾರೆ ಅಂತ ಕೇಳಬಹುದು. ಮಿರ್ಕಾ ಮಡಿಯಾನು ಮತ್ತು ಡೇನಿಯಲ್ ಮಿಲ್ಲರ್ ಅನ್ನೋ ಇಬ್ಬರು ಸಂಶೋಧಕರು ಇದರ ಬೆನ್ನು ಹತ್ತಿದರು. ಬ್ರಿಟನ್ನಿನಲ್ಲಿ ದುಡಿಯುವ ಫಿಲಿಪ್ಪೀನ್ಸಿನ ತಾಯಂದಿರನ್ನು ಮಾತಾಡಿಸಿದರು. ಆಮೇಲೆ ಫಿಲಿಪ್ಪೀನ್ಸಿಗೇ ಹೋಗಿ, ಅಲ್ಲಿ ಬೆಳೆದ ಮಕ್ಕಳನ್ನೂ ಮಾತಾಡಿಸಿದರು. ಮೊದಲು ಈ ಅಮ್ಮಂದಿರಿಗೆ ಕಾಗದ ಮತ್ತು ಮಾತು ತುಂಬಿಸಿ ಕಳಿಸುವ ಕ್ಯಾಸೆಟ್ ಬಿಟ್ಟರೆ ಬೇರೆ ದಾರಿ ಕಮ್ಮಿ. ತಲುಪಲು ವಾರಗಟ್ಟಲೆ ಬೇಕು. ಮೊಬೈಲ್ ಮತ್ತು ವೆಬ್‌ಕ್ಯಾಮ್ ಬಂದ ಮೇಲೆ ಮತ್ತೆ ಅಮ್ಮ ಆದ ಹಾಗಾಯಿತು ಅಂತ ತಾಯಂದಿರಿಗೆ ಅನ್ನಿಸಿತ್ತು. ಮಕ್ಕಳು ಎಲ್ಲರೂ ಹಾಗೆ ಹೇಳಲಿಲ್ಲ. ಕೆಲವರಿಗೆ ಅಮ್ಮ ನಿಜಕ್ಕೂ ಹತ್ತಿರವಾಗಿದ್ದಳು. ಇನ್ನು ಕೆಲವರಿಗೆ, ದಿನಾ ಬರುವ ಫೋನು ತಮ್ಮ ಮೇಲೆ ಕಣ್ಣಿಟ್ಟ ಹಾಗೆ ಕಾಣುತ್ತಿತ್ತು. ತಾಯಂದಿರನ್ನಷ್ಟೇ ಕೇಳಿದ್ದರೆ ಅರ್ಧ ಕಥೆ ಕೈತಪ್ಪುತ್ತಿತ್ತು, ಅಲ್ವಾ?

ಥಾಮಸ್ ಕೊಂಡ ಕಾಗದಗಳಲ್ಲೂ ಬಹುಪಾಲು ಒಂದೇ ಕಡೆಯವು. ಷಿಕಾಗೊದಲ್ಲಿ ಕೊಂಡದ್ದರಿಂದ ಅಲ್ಲಿಗೆ ಬಂದ ಕಾಗದಗಳೇ ಸಿಕ್ಕವು. ಅಲ್ಲಿಂದ ಊರಿಗೆ ಹೋದವು ಅಷ್ಟಾಗಿ ಸಿಗಲಿಲ್ಲ. ಆ ಇನ್ನೊಂದು ಕಡೆಯ ಕಾಗದಗಳು ಸಿಕ್ಕಿದ್ದು ವಾರ್ಸಾದ ಸರ್ಕಾರಿ ದಾಖಲೆಗಳ ನಡುವೆ, ಇತಿಹಾಸಕಾರ ವಿಟೋಲ್ಡ್ ಕೂಲಾ ಅವರಿಗೆ. 1890 ಮತ್ತು 1891ರಲ್ಲಿ ಅಮೆರಿಕ, ಬ್ರೆಜಿಲ್‌ಗಳಿಂದ ಬಂದಿದ್ದ ಕಾಗದಗಳವು. ಜನ ಊರು ಬಿಡುವುದನ್ನು ತಡೆಯಬೇಕು ಅಂತ ರಷ್ಯಾದ ಚಕ್ರವರ್ತಿಯ ಅಧಿಕಾರಿಗಳು ಅಂಚೆಯಲ್ಲೇ ತಡೆಹಿಡಿದಿದ್ದರು. ಕೂಲಾ ಅವುಗಳಲ್ಲಿ ಒಂದಷ್ಟನ್ನು ನಕಲು ಮಾಡಿಕೊಂಡಿದ್ದರು. ಮೂಲ ಕಾಗದಗಳು 1944ರಲ್ಲಿ ವಾರ್ಸಾ ಸುಟ್ಟಾಗ ಹೋದವು. ಉಳಿದ 367 ಕಾಗದಗಳು 1973ರಲ್ಲಿ ಅಚ್ಚಾದವು. ಬರುವಾಗ ಏನೇನು ತರಬೇಕು, ದಾರಿಯಲ್ಲಿ ಯಾರನ್ನು ನಂಬಬಾರದು, ಎಲ್ಲವೂ ಅವುಗಳಲ್ಲಿವೆ. ಎಷ್ಟೋ ಕಾಗದಗಳ ಜೊತೆಗೆ, ಮೊದಲೇ ದುಡ್ಡು ಕಟ್ಟಿದ ಹಡಗಿನ ಟಿಕೆಟ್ ಕೂಡ ಇತ್ತು. ಗಂಡ ಬಂದರಿನ ಕಡೆ ನೋಡುತ್ತಾ ಇದ್ದಿರಬೇಕು. ಟಿಕೆಟ್ ಬಂದಿದೆ ಅನ್ನೋದೇ ಹಳ್ಳಿಯಲ್ಲಿದ್ದ ಹೆಂಡತಿಗೆ ಗೊತ್ತಿರಲಿಲ್ಲ.